ಕರೆದರೆ ಬಾರದ ನಾಯಿ



ಕಳೆದ ವರ್ಷ ನಮ್ಮ ಮನೆಯ ಮುಧೋಳ ನಾಯಿಯನ್ನು ಬೇರೆಯವರಿಗೆ ಕೊಟ್ಟುಬಿಡುವ ಮಾತು ಬಂದಿತ್ತು. ಆಗ ಅದಕ್ಕೆ 8 ತಿಂಗಳು. ಅಂಗಳದಲ್ಲಿ 'ಬಾ' ಎಂದೊಡನೆ ಓಡಿಬರುತ್ತಿದ್ದುದು, ಬಯಲಿಗೆ ಬಿಟ್ಟರೆ ಕರೆದವರತ್ತ ತಿರುಗಿಯೂ ನೋಡುತ್ತಿರಲಿಲ್ಲ. "ಅಜ್ಜಾ, ಇದಕ್ಕ ಹಟ ಭಾಳ. ನಾಕು ಬಿಟ್ಟರ ಕಲೀತೈತಿ" ಎಂದು ಮೊಮ್ಮಗ ಕೋಲು ತಂದ. ಕೋಲನ್ನು ಕಸಿದಿಟ್ಟೆನಾದರೂ ಹಟವೆಂಬ ಮಾತನ್ನು ನಾನೂ ಒಪ್ಪಿದ್ದೆ.

ಲಸಿಕೆ ಹಾಕಲು ಬಂದ ಪಶುವೈದ್ಯರು ನಮ್ಮ ದೂರನ್ನು ಕೇಳಿ ಒಂದೇ ಪ್ರಶ್ನೆ ಹಾಕಿದರು: "ಕರೆದಾಗ ಬಂದರೆ ಅದಕ್ಕೆ ಏನು ಸಿಗುತ್ತದೆ?" ಯೋಚಿಸಿದಾಗ ನಾಚಿಕೆಯಾಯಿತು. ಬಯಲಿನಲ್ಲಿ ನಾವು ಕರೆಯುತ್ತಿದ್ದುದು ಸರಪಳಿ ಹಾಕಿ ಮನೆಗೆ ಎಳೆದೊಯ್ಯಲು. ತಡವಾಗಿ ಬಂದರೆ ಗದರಲು. ದೂರದಲ್ಲಿ ಮಾಡಿದ ತಪ್ಪಿಗೆ ಈಗ ಶಿಕ್ಷೆ ಎಂಬ ನಮ್ಮ ಲೆಕ್ಕ ನಾಯಿಗೆ ತಿಳಿಯದು. ಬಳಿಗೆ ಬಂದುದಕ್ಕೇ ಬೈಗುಳ ದೊರೆಯಿತೆಂದು ಅದು ಕಲಿತುಕೊಂಡಿತ್ತು. ಕಲಿಸಿದವರು ನಾವೇ.

ತಳಿಯ ಗುಣವೂ ಇದೆ. ಮುಧೋಳದ ಘೋರ್ಪಡೆ ಅರಸರು ಪೋಷಿಸಿದ ಈ ನಾಯಿ, ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವಂಥದು. ಮೊಲ ಎದ್ದು ಓಡಿದರೆ ಅಪ್ಪಣೆಗಾಗಿ ಕಾಯದೆ ಬೆನ್ನಟ್ಟುವ ನಾಯಿಯೇ ಬೇಕೆಂದು ತಲೆಮಾರುಗಳಿಂದ ಆರಿಸಿ ಸಾಕಿದವರು ಮನುಷ್ಯರು. ಈಗ ಅದನ್ನೇ ದೋಷವೆಂದರೆ ಹೇಗೆ? ಕಲಿಯಲಾರದ ತಳಿಯೇನೂ ಇದಲ್ಲ. 2016ರಲ್ಲಿ ಭಾರತೀಯ ಸೇನೆಯು ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ನೀಡಿತು.

ಇನ್ನು ಪ್ರಾಯದ ಮಾತು. ಬ್ರಿಟನ್ನಿನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 5 ತಿಂಗಳಲ್ಲಿ ಮಾತು ಕೇಳುತ್ತಿದ್ದ ನಾಯಿಗಳು 8 ತಿಂಗಳಿಗೆ ಬಂದಾಗ ಸಾಕಿದವರ ಮಾತನ್ನೇ ಕಡೆಗಣಿಸುತ್ತವೆ, ಅಪರಿಚಿತರ ಮಾತನ್ನಲ್ಲ! ಹದಿಹರೆಯದ ಮಕ್ಕಳಿರುವ ತಾಯಂದಿರಿಗೆ ಇದು ಹೊಸ ಸಂಗತಿಯಾಗಿರಲಾರದು. ಆ ಪ್ರಾಯ ದಾಟಿದರೆ ಬಹುಪಾಲು ಸರಿಹೋಗುತ್ತದೆ.

ನಮ್ಮ ಮನೆಯಲ್ಲಿ ಮತ್ತೊಂದು ಗೊಂದಲವಿತ್ತು. ನಾನು 'ಕುಂಡ್ರು' ಎನ್ನುತ್ತಿದ್ದೆ, ಮನೆಯವರು 'ಕೂಡು' ಎನ್ನುತ್ತಿದ್ದರು, ಮೊಮ್ಮಗ 'ಸಿಟ್' ಎನ್ನುತ್ತಿದ್ದ. ಮೂರೂ ಒಂದೇ ಎಂದು ನಾಯಿಗೆ ಹೇಳಿದವರಾರು? ಅಂಗಳದಲ್ಲಿ ಕಲಿತ ಪಾಠ ಬಯಲಿಗೂ ಅನ್ವಯಿಸುತ್ತದೆಂಬುದೂ ಅದಕ್ಕೆ ತಾನಾಗಿ ಹೊಳೆಯುವುದಿಲ್ಲ. ಜಾಗ ಬದಲಾದಂತೆ ಮೊದಲಿನಿಂದ ಕಲಿಸಬೇಕು. ಮಾತು ಕೇಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕುಳಿತುಕೊಳ್ಳಲು ಒಲ್ಲೆನೆಂದರೆ ಸೊಂಟದ ನೋವಿರಬಹುದು, ಕರೆಗೆ ಓಗೊಡದಿದ್ದರೆ ಕಿವಿಯ ಬೇನೆಯಿರಬಹುದು. ಮೊದಲು ವೈದ್ಯರಿಗೆ ತೋರಿಸತಕ್ಕದ್ದು.

ಕೊಟ್ಟುಬಿಡುವ ಮಾತನ್ನು ಮುಂದೂಡಿದೆವು. ಕೊರಳಿಗಲ್ಲ, ಎದೆಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ ಬಯಲಿಗೆ ಒಯ್ದೆವು. ಕರೆದಾಗ ಬಂದರೆ ರೊಟ್ಟಿಯ ಚೂರು, ಬೆನ್ನು ಸವರುವುದು, ಮತ್ತೆ ಆಡಲು ಬಿಡುವುದು. ಹತ್ತು ಸಲ ಕರೆದರೆ ಒಂದು ಸಲ ಮಾತ್ರ ಮನೆಗೆ. ಎಷ್ಟೇ ತಡವಾಗಿ ಬಂದರೂ ಗದರುವಂತಿಲ್ಲ. ಈ ಕಟ್ಟಳೆಯನ್ನು ಪಾಲಿಸುವುದು ನನಗೇ ಕಷ್ಟವಾಯಿತು. ನಾಲ್ಕು ತಿಂಗಳು ಹಿಡಿಯಿತು. ಈಗ ಮೊಮ್ಮಗನ ದನಿ ಕೇಳಿದರೆ ಬಯಲಿನ ಆ ತುದಿಯಿಂದ ಓಡಿಬರುತ್ತದೆ.

ಮೊಲ ಕಂಡ ದಿನ ಮಾತ್ರ ಇಂದಿಗೂ ಬರುವುದಿಲ್ಲ. ಹೊಲದ ಕಡೆ ಹೋಗುವಾಗ ಹಗ್ಗ ಬಿಚ್ಚುವುದಿಲ್ಲ.