ಬಣ್ಣವೂ ನೆನಪೂ

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಅಕ್ಕನೋ ಅಣ್ಣನೋ ಇದ್ದಾರೆಯೇ? ಪರೀಕ್ಷೆ ಹತ್ತಿರ ಬಂದಾಗ ಅವರ ಪುಸ್ತಕವನ್ನು ಒಮ್ಮೆ ನೋಡಿ. ಒಂದು ಸಾಲು ಹಳದಿ, ಮತ್ತೊಂದು ಗುಲಾಬಿ, ಇನ್ನೊಂದು ಹಸಿರು. ಕೆಲವು ಪುಟಗಳಲ್ಲಿ ಬಣ್ಣವಿಲ್ಲದ ಸಾಲೇ ಇಲ್ಲ! "ಬಣ್ಣ ಹಾಕಿದರೆ ಬೇಗ ನೆನಪಿನಲ್ಲಿ ಉಳಿಯುತ್ತದೆ" ಎಂದು ಅವರು ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ, ಕೇಳಿ.

ಅಮ್ಮ ನಿಮ್ಮನ್ನು ಬದಿಯಡ್ಕ ಪೇಟೆಗೆ ಕಳುಹಿಸುತ್ತಾರೆ. ತರಬೇಕಾದ ಹತ್ತು ಸಾಮಾನುಗಳ ಹೆಸರು ಹೇಳುತ್ತಾರೆ. ಅಂಗಡಿಗೆ ತಲುಪುವಾಗ ಎರಡು ಮೂರು ಮರೆತೇ ಹೋಗಿರುತ್ತವೆ. ಈಗ ತಾನೇ ಕೇಳಿದ್ದನ್ನು, ನೋಡಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ಶಕ್ತಿಗೆ ಅಲ್ಪಕಾಲಿಕ ನೆನಪು ಎನ್ನುತ್ತಾರೆ. ಅದು ಒಂದು ಸಣ್ಣ ಬುಟ್ಟಿಯ ಹಾಗೆ. ಅದರಲ್ಲಿ ಸುಮಾರು ಏಳು ಸಂಗತಿಗಳು ಹಿಡಿಯುತ್ತವೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಹದಿಹರೆಯಕ್ಕೆ ಬರುವಾಗ ಈ ಬುಟ್ಟಿ ಸ್ವಲ್ಪ ದೊಡ್ಡದಾಗುತ್ತದೆ. ಆದರೂ ಇಡೀ ಪುಟ ಅದರಲ್ಲಿ ಹಿಡಿಯುವುದಿಲ್ಲ.

ಹಾಗಾದರೆ ಬಣ್ಣದಿಂದ ಪ್ರಯೋಜನವೇ ಇಲ್ಲವೇ? ಖಂಡಿತ ಇದೆ. ನೀವು ಯಕ್ಷಗಾನ ನೋಡಿದ್ದೀರಲ್ಲ? ಒಂದು ಆಟದಲ್ಲಿ ಎಷ್ಟೋ ವೇಷಗಳು ಬಂದು ಹೋಗುತ್ತವೆ. ಮರುದಿನ ಕಣ್ಣಮುಂದೆ ನಿಲ್ಲುವುದು ಯಾವುದು? ಅಬ್ಬರಿಸುತ್ತಾ ಬಂದ ಬಣ್ಣದ ವೇಷ! ಅದು ಉಳಿದ ವೇಷಗಳ ಹಾಗಿಲ್ಲ. ಹಲವುಗಳ ನಡುವೆ ಬೇರೆಯಾಗಿ ಕಾಣುವುದು ಚೆನ್ನಾಗಿ ನೆನಪಿರುತ್ತದೆ ಎಂದು ಜರ್ಮನಿಯ ಹೆಡ್ವಿಗ್ ಫಾನ್ ರೆಸ್ಟೋರ್ಫ್ 1933ರಲ್ಲಿಯೇ ಪ್ರಯೋಗ ಮಾಡಿ ತೋರಿಸಿದ್ದರು.

ಆದರೆ ಎಲ್ಲದಕ್ಕೂ ಬಣ್ಣ ಬಳಿದರೆ? ನಮ್ಮ ಬಸ್ಸುಗಳನ್ನೇ ನೋಡೋಣ. ಮೊದಲು ಖಾಸಗಿ ಬಸ್ಸುಗಳಿಗೆ ಒಂದೊಂದಕ್ಕೆ ಒಂದೊಂದು ಬಣ್ಣವಿತ್ತು. ಓದು ಬಾರದ ಅಜ್ಜಿಯೂ ದೂರದಿಂದಲೇ "ನಮ್ಮ ಬಸ್ಸು ಬಂತು" ಎಂದು ಏಳುತ್ತಿದ್ದರು. 2018ರಲ್ಲಿ ಕೇರಳದಲ್ಲಿ ಹೊಸ ನಿಯಮ ಬಂತು. ಹಳ್ಳಿಗಳ ಸಾಮಾನ್ಯ ಖಾಸಗಿ ಬಸ್ಸುಗಳಿಗೆಲ್ಲ ತಿಳಿನೀಲಿ ಬಣ್ಣ ಹಚ್ಚಲಾಯಿತು. ಎಲ್ಲವೂ ನೀಲಿಯಾದ ಮೇಲೆ ಬಣ್ಣ ನೋಡಿ ಬಸ್ಸು ಗುರುತಿಸುವುದು ಹೇಗೆ? ಪೂರ್ತಿ ಬಣ್ಣ ಹಾಕಿದ ಪುಟವೂ ಹೀಗೆಯೇ. ಯಾವುದು ಮುಖ್ಯ ಎಂದು ಅದು ಹೇಳುವುದಿಲ್ಲ.

ಇನ್ನೊಂದು ಮಾತು. ಬಣ್ಣ ವಸ್ತುವಿಗೆ ಒಪ್ಪುವಂತಿರಬೇಕು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ ಪ್ರಕೃತಿಯ ಚಿತ್ರಗಳನ್ನು ತೋರಿಸಿದರು. ಕಪ್ಪುಬಿಳುಪು ಚಿತ್ರಗಳಿಗಿಂತ ಸಹಜ ಬಣ್ಣದ ಚಿತ್ರಗಳನ್ನು ಜನರು ಹೆಚ್ಚು ಚೆನ್ನಾಗಿ ಗುರುತಿಸಿದರು. ಬಣ್ಣ ಬದಲಾಯಿಸಿದ ಚಿತ್ರಗಳಿಂದ ಆ ಲಾಭ ಸಿಗಲಿಲ್ಲ. ಹಣ್ಣಡಿಕೆಗೆ ಕಿತ್ತಳೆ ಬಣ್ಣವೇ ಚೆಂದ. ನೀಲಿ ಬಳಿದರೆ ಏನು ಲಾಭ?

ನಿಮ್ಮ ತರಗತಿಯ ಗೆಳೆಯರನ್ನೂ ಮರೆಯಬೇಡಿ. ಕೆಲವರಿಗೆ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಹುಡುಗಿಯರಿಗಿಂತ ಹುಡುಗರಲ್ಲಿ ಇದು ಹೆಚ್ಚು. ಅದು ಅವರ ತಪ್ಪಲ್ಲ. ಆದ್ದರಿಂದ ಚಾರ್ಟು ಬರೆಯುವಾಗ ಬಣ್ಣದೊಂದಿಗೆ ಒಂದು ಗೆರೆಯನ್ನೋ ನಕ್ಷತ್ರವನ್ನೋ ಹಾಕಿ. ಆಗ ಎಲ್ಲರಿಗೂ ತಿಳಿಯುತ್ತದೆ.

ಬಣ್ಣದ ಪೆನ್ನುಗಳ ಪೆಟ್ಟಿಗೆ ಇಲ್ಲವೆಂದು ಯಾರೂ ಬೇಸರಪಡಬೇಕಾಗಿಲ್ಲ. ಸಾಲುಗಳಿಗೆ ಬಣ್ಣ ಹಾಕುವುದಕ್ಕಿಂತ ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುವುದು ಕಲಿಕೆಗೆ ಹೆಚ್ಚು ಉಪಯುಕ್ತ ಎಂದು ಮನಶ್ಶಾಸ್ತ್ರಜ್ಞರು 2013ರಲ್ಲಿ ಹಲವು ಅಧ್ಯಯನಗಳನ್ನು ಪರಿಶೀಲಿಸಿ ಹೇಳಿದ್ದಾರೆ. ಒಂದು ಪುಟ ಓದಿ. ಅತಿ ಮುಖ್ಯವಾದ ಒಂದೇ ಸಾಲನ್ನು ಗುರುತು ಮಾಡಿ. ಬಳಿಕ ಪುಸ್ತಕ ಮುಚ್ಚಿ, ಓದಿದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ. ಇದಕ್ಕೆ ಒಂದು ಪೈಸೆಯೂ ಬೇಡ.

ನನ್ನ ಮಾತನ್ನು ಹಾಗೆಯೇ ನಂಬಬೇಡಿ, ಪರೀಕ್ಷಿಸಿ ನೋಡಿ. ಒಂದು ಕಾಗದದಲ್ಲಿ ಹತ್ತು ಪದಗಳನ್ನು ಬರೆಯಿರಿ. ಒಂದು ಕೆಂಪು, ಉಳಿದವು ಕಪ್ಪು. ಇನ್ನೊಂದರಲ್ಲಿ ಬೇರೆ ಹತ್ತು ಪದಗಳನ್ನು ಬಣ್ಣ ಬಣ್ಣವಾಗಿ ಬರೆಯಿರಿ. ಒಂದೊಂದನ್ನೂ ಅರ್ಧ ನಿಮಿಷ ಅಕ್ಕನಿಗೋ ಅಣ್ಣನಿಗೋ ತೋರಿಸಿ, ಮುಚ್ಚಿ, ನೆನಪಿದ್ದುದನ್ನು ಬರೆಯಲು ಹೇಳಿ. ಕೆಂಪು ಪದವನ್ನು ಎಷ್ಟು ಮಂದಿ ಬರೆದರು? ನಾಳೆ ತರಗತಿಯಲ್ಲಿ ಎಲ್ಲರೂ ಲೆಕ್ಕ ಹಾಕಿ. ಆಮೇಲೆ ನನ್ನ ಅಭಿಪ್ರಾಯ ಸರಿಯೋ ತಪ್ಪೋ ನೀವೇ ಹೇಳಿ.