ಎಂಜಲು ಹೇಳುವ ಸುದ್ದಿ

ನಮ್ಮಲ್ಲಿ ಎಂಜಲಿಗೆ ಮರ್ಯಾದೆ ಕಡಿಮೆ. ಎಂಜಲು ಕೈಯಲ್ಲಿ ಪಾತ್ರೆ ಮುಟ್ಟಬೇಡ ಎಂಬ ಮಾತು ಕೇಳುತ್ತಲೇ ಬೆಳೆದವರು ನಾವು. ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಊರಿ, ಯಾರ ಗಮನಕ್ಕೂ ಬಾರದೆ ಗಂಟಲಿಳಿಯುತ್ತದೆ. ವಸಡಿನ ರೋಗದ ಸುದ್ದಿ ಅದರಲ್ಲೇ ಅಡಗಿದೆ.

ಈ ರೋಗದ ಕೆಟ್ಟ ಗುಣವೆಂದರೆ, ಅದು ಸಾಮಾನ್ಯವಾಗಿ ನೋಯುವುದಿಲ್ಲ. ಹುಳುಕು ಹಲ್ಲು ನಿದ್ದೆ ಕೆಡಿಸಿ ನಮ್ಮನ್ನು ವೈದ್ಯರ ಬಳಿಗೆ ಎಳೆದೊಯ್ಯುತ್ತದೆ. ವಸಡು ಸದ್ದಿಲ್ಲದೆ ಸೋಲುತ್ತದೆ. ಹಲ್ಲು ಅಲುಗಾಡುವ ಹೊತ್ತಿಗೆ ಅದನ್ನು ಹಿಡಿದಿದ್ದ ಮೂಳೆ ಬಹಳಷ್ಟು ಕರಗಿರುತ್ತದೆ. ಅದು ತಾನಾಗಿ ಮರಳಿ ಬೆಳೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನರಲ್ಲಿ ಇದು ತೀವ್ರ ರೂಪದಲ್ಲಿದೆ.

ಹಲ್ಲನ್ನು ಮೂಳೆಗೆ ಬಿಗಿದಿರುವುದು ಕೊಲಾಜೆನ್ ಎಂಬ ನಾರು. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳ ಮೇಲೆ ಬಿಳಿ ರಕ್ತಕಣಗಳು ಏರಿಹೋಗುತ್ತವೆ. ಆ ಕಾಳಗದಲ್ಲಿ ಅವು ಬಿಡುವ ಎಂಎಂಪಿ-8 ಎಂಬ ಕಿಣ್ವ ನಮ್ಮ ನಾರನ್ನೇ ಕತ್ತರಿಸುತ್ತದೆ, ಜೊಲ್ಲಿಗೂ ಸೇರುತ್ತದೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ಟಿಮೊ ಸೊರ್ಸಾ ಮತ್ತು ಸಂಗಡಿಗರು ದಶಕಗಳ ಕಾಲ ಈ ಕಿಣ್ವದ ಬೆನ್ನು ಹತ್ತಿದರು. ಇಂಥ ಸಂಶೋಧನೆಯ ಫಲವಾಗಿ, ಬಾಯಿ ಮುಕ್ಕಳಿಸಿದ ನೀರಿನ ಕೆಲವು ಹನಿಗಳಲ್ಲೇ ಅದನ್ನು ಗುರುತಿಸುವ ಪರೀಕ್ಷಾ ಪಟ್ಟಿ ಬಂದಿದೆ. ಬಸಿರು ಪರೀಕ್ಷೆಯಲ್ಲಿ ಮೂಡುವಂತೆ ಇದರಲ್ಲೂ ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ಸೂಜಿ ಚುಚ್ಚಬೇಕಿಲ್ಲ. ಆದರೆ ಯಾವ ಹಲ್ಲು ಎಂದು ಅದು ಹೇಳದು. ಅದಕ್ಕೆ ವಸಡಿನ ಆಳ ಅಳೆದು, ಎಕ್ಸ್‌ರೇ ನೋಡುವ ದಂತವೈದ್ಯರೇ ಬೇಕು.

ಈ ಪಟ್ಟಿ ಇನ್ನೂ ಎಲ್ಲ ಊರುಗಳನ್ನೂ ಮುಟ್ಟಿಲ್ಲ. ಅದಕ್ಕಾಗಿ ಕಾಯಬೇಡಿ ಎಂಬುದೇ ನನ್ನ ಮನವಿ. ನಾಳೆ ಬೆಳಿಗ್ಗೆ ಹಲ್ಲುಜ್ಜಿ ಉಗುಳಿದ ಮೇಲೆ, ನಲ್ಲಿ ತಿರುಗಿಸುವ ಮುನ್ನ ಒಂದು ಕ್ಷಣ ನೋಡಿ. ನೊರೆ ನಸುಗೆಂಪಾಗಿದೆಯೇ? ಬ್ರಷ್ ತಾಗಿರಬೇಕು ಎಂದುಕೊಳ್ಳುವುದು ಸಹಜ. ಆದರೆ ಆರೋಗ್ಯವಾಗಿರುವ ವಸಡಿನಿಂದ ದಿನವೂ ರಕ್ತ ಬರುವುದಿಲ್ಲ. ಮೂಳೆಗೆ ತಗಲುವ ಮೊದಲೇ ಚಿಕಿತ್ಸೆ ಪಡೆದರೆ ವಸಡು ಪೂರ್ತಿ ಚೇತರಿಸಿಕೊಳ್ಳಬಲ್ಲದು.

ಬೀಡಿ, ಸಿಗರೇಟು ಸೇದುವವರಿಗೆ ಇನ್ನೊಂದು ಮಾತು. ಹೊಗೆ ವಸಡಿನ ರಕ್ತಸ್ರಾವವನ್ನು ಮರೆಮಾಚುತ್ತದೆ. ನಿಮ್ಮ ನೊರೆ ಬೆಳ್ಳಗಿದ್ದರೂ ಒಮ್ಮೆ ತೋರಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರೂ ಹಾಗೆಯೇ ಮಾಡಿ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟವಾಗುತ್ತದೆ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಿಮಗೂ ಯಾರಾದರೂ ಹೇಳಿರಬಹುದು. ಹಾಗಲ್ಲ, ಹಲ್ಲಿಗೆ ಕಟ್ಟಿದ ಗಾರೆ ತೆಗೆದಾಗ ಕಾಣುವುದು ರೋಗ ಮೊದಲೇ ಮಾಡಿಟ್ಟ ಹಾನಿ. ಭಯ ಬಿಟ್ಟು ಹೋಗಿ.

ದಂತ ವೈದ್ಯಕೀಯ ಕಾಲೇಜಿನಲ್ಲಿ ಯಾರಾದರೂ ಪುಟ್ಟ ಬಾಟಲಿ ಕೊಟ್ಟು ಅಧ್ಯಯನಕ್ಕಾಗಿ ಜೊಲ್ಲು ಕೇಳಿದರೆ ಸಂಕೋಚಪಡಬೇಡಿ. ಏಕೆ ಎಂದು ವಿಚಾರಿಸಿ, ಮನಸ್ಸು ಒಪ್ಪಿದರೆ ಕೊಡಿ. ಎಲೆಅಡಿಕೆ ಮೆದ್ದ, ಸಕ್ಕರೆ ಕಾಯಿಲೆ ಕಂಡ ನಮ್ಮ ಬಾಯಿಗಳ ಲೆಕ್ಕವೂ ಆ ವಿಜ್ಞಾನಕ್ಕೆ ಬೇಕು.

ಕೊನೆಗೆ ಒಂದು ಸಣ್ಣ ಕೆಲಸ. ಮನೆಯ ಹಿರಿಯರು ಚಕ್ಕುಲಿ ತಿನ್ನುವುದನ್ನು ಯಾವಾಗ ಬಿಟ್ಟರು ಎಂದು ಇಂದು ಸಂಜೆ ಕೇಳಿ. ವಯಸ್ಸಾಯಿತಲ್ಲ ಎಂದು ಅವರು ನಗಬಹುದು. ಬಿಟ್ಟಿದ್ದು ವಯಸ್ಸಿಗಲ್ಲ, ವಸಡಿಗೆ ಇರಬಹುದು. ಪಕ್ಕದಲ್ಲಿ ಕುಳಿತು ಕೇಳಿ. ಆಮೇಲೆ ಜೊತೆಗೇ ದಂತವೈದ್ಯರಲ್ಲಿಗೆ ಹೋಗಿ ಬನ್ನಿ.