ಪಹಣಿ ಸಿಕ್ಕಿತು, ಮಾಹಿತಿ ಸಿಕ್ಕಿತೆ?

ಸಂಘದ ಯುಗಾದಿ ಊಟಕ್ಕೆ ಕೂತಾಗ ಕ್ರಿಕೆಟ್ಟು, ವೀಸಾ ಎರಡೂ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಊರಿನ ಜಮೀನಿಗೇ. ಈಗಂತೂ ಅಮೆರಿಕದಲ್ಲಿ ಕೂತೇ ಊರಿನ ಪಹಣಿ ನೋಡಬಹುದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಗೊತ್ತಿದ್ದರೆ ಸಾಕು. (ಸರ್ನೋಕ್ ಎಂಬಲ್ಲಿ ಬರೀ ನಕ್ಷತ್ರದ ಗುರುತು ಕಂಡರೆ ಗಾಬರಿಯಾಗಬೇಡಿ, ಹೆಚ್ಚಿನವರಿಗೆ ಅದೇ ಕಾಣುವುದು!) ಸಾಫ್ಟ್‌ವೇರ್ ಬರೆದೇ ಹೊಟ್ಟೆ ಹೊರೆಯುವ ನನಗೆ ಇದರ ಬಗ್ಗೆ ಹೆಮ್ಮೆಯಿದೆ. ಆದರೆ ಪಹಣಿ ಸಿಕ್ಕಿದರೆ ಮಾಹಿತಿ ಸಿಕ್ಕಿದಂತೆಯೇ ಎಂದು ಯಾರಾದರೂ ಅಂದರೆ ಒಪ್ಪುವುದು ಕಷ್ಟ.

'ಭೂಮಿ' ಯೋಜನೆಗೆ ಮುಂಚೆ ಈ ದಾಖಲೆಗಳೆಲ್ಲ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ಪಹಣಿ ಬೇಕೆಂದರೆ ಮೊದಲು ಲೆಕ್ಕಿಗರು ಇವತ್ತು ಯಾವ ಹಳ್ಳಿಯಲ್ಲಿದ್ದಾರೆ ಎಂದು ಪತ್ತೆ ಹಚ್ಚಬೇಕು, ಆಮೇಲೆ ಅವರ ಕೈ ಬೆಚ್ಚಗೆ ಮಾಡಬೇಕು. 2000ದ ಆಸುಪಾಸಿನಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರತಿ ಕೈಗೆ ಬರುವಂತಾಯಿತು.

ಮುಂದೆ ಸಂಶೋಧಕರು ಬಂದರು. 2002ರಲ್ಲಿ ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಸಮೀಕ್ಷೆ ಮಾಡಿದಾಗ, ಹಳೆಯ ಪದ್ಧತಿಯಲ್ಲಿ ಲಂಚ ಕೊಟ್ಟೆವು ಅಂದವರು ನೂರಕ್ಕೆ 66 ಮಂದಿ, 'ಭೂಮಿ' ಕಿಟಕಿಯಲ್ಲಿ ಕೊಟ್ಟೆವು ಅಂದವರು 3 ಮಂದಿ. ಸಂತೋಷವೇ. ಆದರೆ 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬರೆದ ಪ್ರಬಂಧ ಇದಕ್ಕೆ ತದ್ವಿರುದ್ಧ: ಲಂಚ ಹೆಚ್ಚಿದೆ, ಜಮೀನಿನ ವಹಿವಾಟಿಗೆ ಹಿಡಿಯುವ ಸಮಯವೂ ಹೆಚ್ಚಿದೆ, ಬೆಂಗಳೂರಿನ ಸುತ್ತ ದೊಡ್ಡ ಕುಳಗಳು ಜಮೀನು ಗುಡ್ಡೆ ಹಾಕಲು ಈ ಕಂಪ್ಯೂಟರು ನೆರವಾಗಿದೆ ಅಂತ!

ಇಬ್ಬರಲ್ಲಿ ಯಾರು ಸರಿ? ನನ್ನ ಮಟ್ಟಿಗೆ ಇಬ್ಬರೂ ಸರಿ. ಒಬ್ಬರು ಕಿಟಕಿಯನ್ನು ಅಳೆದರು, ಇನ್ನೊಬ್ಬರು ಕಿಟಕಿಯ ಹಿಂದಿನ ಕೋಣೆಯನ್ನು. ಪ್ರಿಂಟ್ ತೆಗೆಯುವುದು ಕಂಪ್ಯೂಟರಿಗೆ ನೀರು ಕುಡಿದಷ್ಟು ಸಲೀಸು. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ, ಹಾಗಲ್ಲ. ಅಲ್ಲಿ ಯಾರೋ ಒಬ್ಬರು ತೀರ್ಮಾನ ಮಾಡಬೇಕು. ಆ ತೀರ್ಮಾನ ಹಳ್ಳಿಯಿಂದ ತಾಲ್ಲೂಕಿಗೆ ಸರಿದಾಗ, ಎರಡು ಎಕರೆಯವನಿಗೆ ಅದು ಇನ್ನೊಂದು ಬಸ್ಸಿನಷ್ಟು ದೂರವಾಯಿತು. ಎಲ್ಲ ದಾಖಲೆ ಒಂದೆಡೆ ಸಿಗುವಂತಾದಾಗ ಅದನ್ನು ಓದಿ ಲಾಭ ಮಾಡಿಕೊಳ್ಳುವ ಶಕ್ತಿ ಇದ್ದದ್ದು ವಕೀಲರನ್ನು ಇಟ್ಟುಕೊಂಡವರಿಗೆ. ಇನ್ನು ಯಂತ್ರಕ್ಕೆ ತುಂಬಿದ್ದಾದರೂ ಹಳೆಯ ಪುಸ್ತಕದಲ್ಲಿದ್ದದ್ದನ್ನೇ: ತೀರಿಹೋದ ಅಜ್ಜನ ಹೆಸರು ಪೌತಿ ಖಾತೆ ಆಗುವವರೆಗೆ ಹಾಗೇ ಇರುತ್ತದೆ. 1974ರ ತಿದ್ದುಪಡಿಯ ನಂತರ ಗೇಣಿಗೆ ಕೊಡುವುದೇ ಬಹುಮಟ್ಟಿಗೆ ನಿಷಿದ್ಧ, ಹಾಗಾಗಿ ಬಾಯಿಮಾತಿನ ಮೇಲೆ ಉಳುವವನ ಹೆಸರು ಎಲ್ಲೂ ಮೂಡುವುದಿಲ್ಲ.

ನಮ್ಮ ಮನೆಯದನ್ನೇ ಹೇಳುತ್ತೇನೆ. ಅಜ್ಜನ ಹೆಸರಿನಲ್ಲಿದ್ದ ಖಾತೆ ಬದಲಾಯಿಸಲು ತಂದೆಯವರು ಅರ್ಜಿ ಹಾಕಿದರು. ಕೆಲವು ವಾರಗಳ ನಂತರ ಬಂದ ಉತ್ತರ ಒಂದೇ ಪದ: ತಿರಸ್ಕೃತ. ಯಾಕೆ ಎಂದು ತಿಳಿಯಲು ಅವರು ಮೂರು ಸಲ ಬಸ್ಸು ಹತ್ತಿದರು. ಕೊನೆಗೆ ತಿಳಿದದ್ದು, ವಂಶವೃಕ್ಷದಲ್ಲಿ ಒಂದು ಹೆಸರಿನ ಕಾಗುಣಿತ ತಪ್ಪಿತ್ತಂತೆ. ನಮ್ಮ ಜಮೀನಿನ ವಿಷಯವೆಲ್ಲ ಸರ್ಕಾರಕ್ಕೆ ಗೊತ್ತು. ಸರ್ಕಾರ ಏನು ಮಾಡಿತು, ಯಾಕೆ ಮಾಡಿತು ಎಂಬುದು ನಮಗೆ ಗೊತ್ತಿಲ್ಲ. ಡೇಟಾಬೇಸಿನಲ್ಲಿ ಕಾರಣಕ್ಕೊಂದು ಕಾಲಂ ಇಟ್ಟು ಅದನ್ನು ಕಡ್ಡಾಯ ಮಾಡುವುದು ಅರ್ಧ ದಿನದ ಕೆಲಸ ಸ್ವಾಮಿ!

ಇದು ನನ್ನ ಹೊಸ ಬೇಡಿಕೆಯೇನಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಬೇಕು, ತೀರ್ಮಾನದ ಕಾರಣವನ್ನು ಬಾಧಿತರಿಗೆ ತಿಳಿಸಬೇಕು ಎರಡನ್ನೂ ಹೇಳುತ್ತದೆ. ಮೊದಲನೆಯದಕ್ಕೆ ಟೆಂಡರು ಕರೆಯಬಹುದು, ಆದ್ದರಿಂದ ಬೇಗ ಆಗುತ್ತದೆ. ಎರಡನೆಯದಕ್ಕೆ ಯಾರಾದರೂ ಸಹಿ ಹಾಕಬೇಕು. 2011ರ ಸಕಾಲ ಕಾಯ್ದೆ ಅರ್ಜಿಗೊಂದು ನಂಬರ್ ಕೊಟ್ಟು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಎಂದಿತು. ಒಳ್ಳೆಯ ಹೆಜ್ಜೆಯೇ. ಆದರೆ ಗಡುವಿನೊಳಗೆ ತಿರಸ್ಕರಿಸಿದರೂ ಗಡುವು ಪಾಲಿಸಿದಂತೆಯೇ ಲೆಕ್ಕ.

ರಾಜಸ್ಥಾನದವರು ಇನ್ನೊಂದು ದಾರಿ ಹಿಡಿದರು. ಮಜದೂರ್ ಕಿಸಾನ್ ಶಕ್ತಿ ಸಂಘಟನೆ 1994ರಿಂದ ಹಳ್ಳಿಯ ಜನರ ಮುಂದೆ ಕೂಲಿಪಟ್ಟಿಗಳನ್ನು ಗಟ್ಟಿಯಾಗಿ ಓದಿಸುತ್ತಿತ್ತು. ಆ ರಾಜ್ಯದಲ್ಲಿ 2019ರಲ್ಲಿ ಜನ ಸೂಚನಾ ಪೋರ್ಟಲ್ ಬಂತು. ಯಾರಿಗೆ ಎಷ್ಟು ರೇಷನ್ ಹೋಯಿತು ಎಂಬುದನ್ನು ಅರ್ಜಿ ಹಾಕದೆಯೇ ನೋಡಬಹುದು. ಹೆಸರು ಸಹಿತ ಪಟ್ಟಿ ಇದ್ದರೆ ತಾನೇ ಸತ್ತವರು ಕೂಲಿ ಪಡೆದದ್ದು ಗೊತ್ತಾಗುವುದು?

ಚಿಂತೆ ಇಲ್ಲೇ ಇರುವುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿದೆ, 2025ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಈಗ 'ವೈಯಕ್ತಿಕ' ಎಂದರೆ ಸಾಕು. ಸಾರ್ವಜನಿಕ ಹಿತಕ್ಕಾಗಿ ಕೊಡಬಹುದೆಂಬ 8(2) ಉಳಿದಿದೆ ನಿಜ. ಆದರೆ ಕೊಡದಿರಲು ನೆಪ ಹುಡುಕುವ ಗುಮಾಸ್ತರಿಗೆ ಅಷ್ಟು ದೂರ ಓದುವ ದರ್ದೇನಿದೆ?

ನಮ್ಮ ಸದಸ್ಯರಿಗೆ ಇದರಲ್ಲಿ ಇನ್ನೊಂದು ತೊಡಕು. ಈ ಹಕ್ಕು ಭಾರತದ ನಾಗರಿಕರಿಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಇದ್ದರೆ ಇಲ್ಲಿಂದಲೂ ಅರ್ಜಿ ಹಾಕಬಹುದು. ಕೇಂದ್ರ ಕಚೇರಿಗಳ ಶುಲ್ಕಕ್ಕೆ 2013ರಿಂದ ಇ-ಐಪಿಒ ಇದೆ, ಆದರೆ ತಾಲ್ಲೂಕು ಕಚೇರಿ ರಾಜ್ಯದ್ದು. ಒಸಿಐ ಕಾರ್ಡಿನವರು ಕೇಳುವಂತೆಯೇ ಇಲ್ಲ. ಹಾಗಾಗಿ ಒಂದೇ ಪಹಣಿಯಲ್ಲಿ ಹೆಸರಿರುವ ಅಣ್ಣತಮ್ಮಂದಿರಲ್ಲಿ ಗ್ರೀನ್ ಕಾರ್ಡಿನ ಅಣ್ಣ ಅರ್ಜಿ ಹಾಕಬಹುದು. ಸಿಟಿಜನ್ ಆದ ತಮ್ಮ ಅಣ್ಣನ ಕೈಯಲ್ಲಿ ಹಾಕಿಸಬೇಕು, ಅಷ್ಟೇ.